ಬತ್ತೀನಿ

ಹಿಮ್ಮಡಿ ಅಷ್ಟು ದೊಡ್ಡದಾಗಿ ಕಾಣಬಾರದಿತ್ತು, ವೇದಿಕೆಯ ಹಿಂದಿನ ಪರದೆಯಗಲ, ಬಿರುಕಿನೊಳಗಿನ ಸಗಣಿಯ ಕಪ್ಪು ಕೂಡ ಹಾಸನದ ಜನಕ್ಕೆಲ್ಲ ಕಾಣುವ ಹಾಗೆ — ಅವ್ವನ ಹಿಮ್ಮಡಿ ಅದು, ಬಾಗೂರಿನ ಮನೆಯ ಹೊಸ್ತಿಲ ಮೇಲೆ ಏಳುತ್ತದೆ, ಆಚೆ ಇಳಿಯುವಷ್ಟರಲ್ಲಿ ಚಿತ್ರ ಹಿಂದಕ್ಕೆ ಜಿಗಿದು ಮತ್ತೆ ಏಳುತ್ತದೆ, ಸ್ಪೀಕರಿನಲ್ಲಿ ಅವ್ವನ ದನಿ, ಬತ್ತೀನಿ, ಬತ್ತೀನಿ, ಕೆಳಗೆ ಬಿಳಿ ಅಕ್ಷರದಲ್ಲಿ, ಮನೆಗೆ ಬರುತ್ತಿದ್ದೇನೆ. ಯಾರ ಮನೆಗೆ? ಮೇಘಶ್ರೀ ಸ್ಯಾಕ್ಸೊಫೋನನ್ನು ಹಲ್ಲಿನಲ್ಲಿ ಕಚ್ಚಿ ವೇದಿಕೆಯ ಕತ್ತಲಲ್ಲಿ ನಿಂತಿದ್ದಾಳೆ, ನಾಲಿಗೆಯ ತುದಿಗೆ ವಾದ್ಯದ ಬಾಯಿಯ ರೀಡು ಒದ್ದೆ, ಹಿಂದೆ ಡ್ರಮ್ಮು ಮೆಲ್ಲಗೆ ಗೊಣಗುತ್ತಿದೆ, ಪಿಯಾನೋ ಮುಂದೆ ಶಶಿಕಿರಣ್, ಕಣ್ಣು ಮುಚ್ಚಿ ತಲೆದೂಗುತ್ತಿದ್ದಾನೆ, ದಿಲ್ಲಿಯಲ್ಲಿ ಬೆಳೆದ ಶಶಿಕಿರಣ್, ಮನೆ ಎಂದರೇನು ಎಂದು ಜಾಝಿನಲ್ಲಿ ಹುಡುಕಲು ಹೊರಟವನು, ಹುಡುಕಲಿ, ಬೇಡ ಅಂದವರಾರು, ಅದಕ್ಕೆ ಅವಳ ಅವ್ವನ ಕಾಲೇ ಬೇಕಾಗಿತ್ತೇ. ನಿಮ್ಮೂರಿನ ವಿಡಿಯೋ ಏನಾದ್ರೂ ಇದ್ರೆ ಕಳ್ಸಿ ಮೇಘಾ ಅಂದಿದ್ದ, ಕರುವಿನದು ಕಳಿಸಿದಳು, ಅಂಗಳದಲ್ಲಿ ಕುಣಿಯುವ ಕರು, ವರ್ಷಗಳ ಹಿಂದೆ ತೆಗೆದದ್ದು, ಆಗ ಹೊಸ ಫೋನು, ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಕೈಯಲ್ಲಿ ಹಿಡಿದೇ ಅವ್ವನ ಹಿಂದೆ ಹೊರಟಿದ್ದಳು, ಚೀಲ ಒಂದು ಕೈಲಿ, ಫೋನು ಇನ್ನೊಂದು ಕೈಲಿ, ಅದು ಹಿಡಿದಿಟ್ಟುಕೊಂಡದ್ದು ಇಷ್ಟೇ, ಹೊಸ್ತಿಲು, ಹಿಮ್ಮಡಿ, ಬತ್ತೀನಿ. ಕರುವನ್ನು ಬಿಟ್ಟು ಬಾಲ ಹಿಡಿದ ಪುಣ್ಯಾತ್ಮ.

ಮಧ್ಯಾಹ್ನವೇ ಹೇಳಿದಳಲ್ಲ, ಸರ್, ಅದು ಬರೋ ಮಾತಲ್ಲ, ಹೋಗೋ ಮಾತು, ನಮ್ಮ ಕಡೆ ಹೊರಡುವಾಗ ಯಾರೂ ಹೋಗ್ತೀನಿ ಅನ್ನಲ್ಲ, ಅಪಶಕುನ, ಬತ್ತೀನಿ ಅಂತಾರೆ, ತೆಗೀರಿ ಅದನ್ನ. ಅವನ ಮುಖ ಅರಳಿತು, ಇನ್ನೂ ಚೆನ್ನಾಯ್ತಲ್ಲ ಮೇಘಾ, ಎರಡೆರಡು ಅರ್ಥ, ಇದೇ ನಮ್ಮ ಶೋದ ಹೃದಯ! ಉರಿಯೋ ಮನೆಯಲ್ಲಿ ಗಳ ಹಿರಿಯೋದು ಅಂದರೆ ಇದೇ, ಹಿರಿದದ್ದಲ್ಲದೆ ಸಂತೋಷ ಬೇರೆ. ಅವ್ವ ಅಂದದ್ದು ಬತ್ತೀನಿ ಕಣಪ್ಪ, ಆ ಕಣಪ್ಪ ಅನ್ನುವುದನ್ನು ಶಶಿಕಿರಣ್ ಕತ್ತರಿಸಿ ಎಸೆದಿದ್ದಾನೆ, ರಾಗಕ್ಕೆ ಕೂರಲಿಲ್ಲವಂತೆ, ಯಾರಿಗೆ ಹೇಳಿದ ಮಾತೋ ಆ ಮನುಷ್ಯನೂ ಅದರ ಜೊತೆಗೇ ಹೋದ, ಹೋದವನು ಎಲ್ಲಿ ಹೋದ, ಎರಡನೇ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದಾನೆ, ಚಿಕ್ಕಪ್ಪ ದೇವರಾಜ್, ಊರಿನ ಮುಖಂಡ, ಸುತ್ತಲಿನವರೆಲ್ಲ ಅವನಿಗೆ, ಬನ್ನಿ ಸಾ, ಕೂತ್ಕಳಿ ಸಾ, ನೀರು ತರ್ಲಾ ಸಾ. ಅಪ್ಪ ಸತ್ತ ತಿಂಗಳೇ ಅವನ ಬಾಯಿ ಬೆಣ್ಣೆಯಾಯಿತು, ಅತ್ಗೆ, ಇಲ್ಲೇ ಕೂತು ಅತ್ಕಂಡಿದ್ರೆ ಸೊರಗೋಯ್ತೀರ, ನಾಕ್ ದಿನ ನುಗ್ಗೇಹಳ್ಳಿಗೆ ಓಗ್ಬನ್ನಿ, ತವ್ರುಮನೆ ಅಲ್ವಾ, ಅವ್ವ ನಂಬಿದಳು, ನಂಬಿಯೇ ಅಂದಳು, ಬತ್ತೀನಿ ಕಣಪ್ಪ, ಅವನು ಎಲೆಅಡಿಕೆ ಮಡಚುತ್ತಿದ್ದ, ತಲೆಯೆತ್ತಲಿಲ್ಲ. ತಿರುಗಿ ಬಂದಾಗ ಬಾಗಿಲಿಗೆ ಬೇರೆ ಬೀಗ. ಮತ್ತೆ ನುಗ್ಗೇಹಳ್ಳಿಗೆ ಹೋದರೆ ಅವ್ವನ ತಮ್ಮನ ಹೆಂಡತಿ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಕ್ಕ, ನಾವೇನ್ ಮಾಡಾಣ. ಆ ಕುಲಕ್ಕೂ ಹೊರಗು, ಈ ಕುಲಕ್ಕೂ ಹೊರಗು, ಹಾಗಾದರೆ ಹೆಂಗಸಿಗೆ ಒಳಗು ಅನ್ನುವುದು ಎಲ್ಲಿದೆ, ಹೊಳೆನರಸೀಪುರದಲ್ಲಿ ಬಾಡಿಗೆಯ ಒಂದು ಕೋಣೆ, ಅಲ್ಲಿ ಮದುವೆ ಬ್ಯಾಂಡಿನವರ ಹತ್ತಿರ ಕಲಿತ ವಾದ್ಯ ಇದು, ಊದಿದರೆ ಪಕ್ಕದವರು ಗೋಡೆ ಗುದ್ದುತ್ತಿದ್ದರು, ಅವ್ವ ತಿರುಗಿ ಗುದ್ದುತ್ತಿದ್ದಳು. ಈಗ ಚಿಕ್ಕಪ್ಪ ಪಕ್ಕದ ಕುರ್ಚಿಯವರ ಕಡೆ ಬಾಗಿ, ಇಷ್ಟು ದೂರಕ್ಕೂ ಕೇಳುವ ಹಾಗೆ, ನಮ್ಮನೆ ಕಣ್ರೀ ಅದು, ಬಾಗೂರಿಂದು, ನಮ್ ತಾತ ಕಟ್ಸಿದ್ದು, ಆ ಹೊಸ್ಲು ನೋಡಿ, ಒಂದೇ ಮರ! ಹೊಸ್ತಿಲು ಕಂಡಿತು ಅವನಿಗೆ. ಅದನ್ನು ದಾಟುತ್ತಿರುವ ಕಾಲು ಯಾರದು ಎಂದು ಗೊತ್ತೇ ಆಗಿಲ್ಲ.

ಹಿಂದಿನ ಸಾಲಿನಲ್ಲಿ ಅವ್ವ ನಂಜಮ್ಮ, ಇದ್ದೊಂದು ರೇಷ್ಮೆ ಸೀರೆ ಉಟ್ಟು ಮಗಳ ಕಚೇರಿ ಕೇಳಲು ಬಂದವಳು, ತನ್ನ ದನಿ ಕೇಳಿದ್ದೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಮಧ್ಯಾಹ್ನ ಫೋನಿನಲ್ಲಿ ಅಂದಿದ್ದಳು, ಬುಡು ಮಗ, ಊದಿ ಬಂದ್ಬುಡು, ಜಗಳ ಆಡ್ಬ್ಯಾಡ. ಊದುತ್ತಾಳೆ, ಯಾಕೆ ಊದುವುದಿಲ್ಲ, ಶಶಿಕಿರಣ್ ಕಣ್ಣು ತೆರೆದು ಗದ್ದ ಆಡಿಸಿ ಸನ್ನೆ ಮಾಡಿದ, ಬನ್ನಿ, ತಾಲೀಮಿನಲ್ಲಿ ಹೇಳಿಕೊಟ್ಟಿದ್ದ, ಅವ್ವನ ಬತ್ತೀನಿಯ ಕೊನೆಯ ನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಿಷಾದ ಸ್ವರ ಎತ್ತಿಕೊಳ್ಳಬೇಕು, ನೀ, ಒಂದಿಷ್ಟು ಅಲೆದಾಡಿ ಒಂದೇ ಮೆಟ್ಟಿಲು ಮೇಲಿನ ಸಾಗೆ ಬಂದು ನಿಲ್ಲಬೇಕು, ಸಾ ಅಂದರೆ ಮನೆ ಮೇಘಾ, ಅಲ್ಲೀವರೆಗೆ ಇದೇ ಚಿತ್ರ ಸುತ್ತುತ್ತಿರುತ್ತೆ, ನೀವು ಸಾ ಹಿಡಿದ ತಕ್ಷಣ ಕಂಪ್ಯೂಟರಿನಲ್ಲಿ ಗೌರೀಶ ಮುಂದಿನ ಚಿತ್ರ ಬಿಡ್ತಾನೆ, ದೀಪ ಹಚ್ಚಿದ ಬಾಗಿಲು, ಜನ ಎದ್ದು ನಿಂತು ಚಪ್ಪಾಳೆ ತಟ್ತಾರೆ. ಎತ್ತಿಕೊಂಡಳು, ನೀ, ಒರಟಾಗಿ ಬಂತು, ಬರಲಿ, ಎರಡನೇ ಸಾಲಿನ ಕಡೆಗೆ ತಿರುಗಿ ಊದಿದಳು, ನೀ, ನೀನೇ, ಅಲೆದಾಡಲಿಲ್ಲ, ನೀ, ಶಾಲಿನವನ ನಗೆ ಅರ್ಧಕ್ಕೆ ನಿಂತಿತು, ಪಿಯಾನೋ ಸಾ ತೋರಿಸಿತು, ತೋರಿಸಿ ಕಾಯಿತು, ಮತ್ತೆ ತೋರಿಸಿತು, ಅವಳು ಹೋಗಲಿಲ್ಲ, ಊರೆಲ್ಲ ಸಾ ಸಾ ಅನ್ನಲಿ, ಅವಳ ಬಾಯಲ್ಲಿ ಮಾತ್ರ ನೀ. ಶಶಿಕಿರಣನ ತುಟಿ ಅಲುಗುತ್ತಿದೆ, ಸಾ, ಮೇಘಾ, ಸಾ! ಸಾ ಹಿಡಿದರೆ ಯಾರದೋ ಮನೆಯ ದೀಪ ಬರುತ್ತದೆ, ಅಷ್ಟರಲ್ಲಿ ಅವ್ವ ಹೊರಗೆ, ಹಿಂದೆ ಬೀಗ, ಈ ಮನುಷ್ಯನ ಚಪ್ಪಾಳೆ — ಹಿಡಿಯೋದಿಲ್ಲ, ಹಿಡಿಯದೇ ಇರುವವರೆಗೆ ಅವ್ವ ಇನ್ನೂ ಒಳಗೇ ಇದ್ದಾಳೆ, ಅವಳ ಮನೆಯಲ್ಲೇ, ಎದೆ ಉರಿಯುತ್ತಿದೆ, ಮೂಗಿನಿಂದ ಉಸಿರು ಎಳೆದುಕೊಂಡಳು, ನೀ, ಅವ್ವ ಸೆರಗು ತೆಗೆದು ಎದ್ದು ನಿಂತಿದ್ದಾಳೆ, ಸುತ್ತ ಯಾರೋ ಕೂತ್ಕಳಿ ಅನ್ನುತ್ತಿದ್ದಾರೆ, ಕೂರುತ್ತಿಲ್ಲ, ಉಸಿರು ಇನ್ನೊಂದು ಎಳೆಯಷ್ಟಿದೆ, ನೀ, ಹಿಮ್ಮಡಿ ಏಳುತ್ತದೆ, ಹೊಸ್ತಿಲ ಮೇಲೆ, ನೀ, ಹಿಮ್ಮಡಿ, ಇಳಿಯದ ಹಿಮ್ಮಡಿ