ಆಹಾರ ಜಲ ಶುದ್ಧ

ಎರಡು ದಿನದ ಉಪವಾಸ ಮುಗಿಸಿದ ಜೈನ ಮುನಿಗಳು ಇಂದು ಐನಾಪುರದ ಬಸದಿ ಓಣಿಗೆ ಆಹಾರಕ್ಕೆ ಬರುವವರಿದ್ದರು. ಎಪ್ಪತ್ತು ದಾಟಿದ ಜೀವ. ದಿನಕ್ಕೊಂದೇ ಹೊತ್ತು ಊಟ. ನೀರನ್ನೂ ಆಗಲೇ ಕುಡಿಯಬೇಕು, ಅದೂ ನಳದ್ದಲ್ಲ, ಬಾವಿಯದು. ಹಿತ್ತಲ ಬಾವಿಯ ಬಳಿ ಜಿನಮತಿ ನಿಂತಿದ್ದಳು. ನೀರು ಸೋಸಿದ ಬಿಳಿ ಬಟ್ಟೆಯ ನಡುವೆ ಕೆಂಪು ಕಲೆ ಮೂಡಿತ್ತು.

ಎಲ್ಲ ಅವಳ ಗಂಡನ ಪ್ರತಾಪ. ಮೂರು ವರ್ಷದ ಹಿಂದೆ, ಎಂಬತ್ತೊಂಬತ್ತನೆಯ ಇಸವಿಯಲ್ಲಿ, ಶಾಂತಿನಾಥ ಬಾವಿಯಾಚೆ ಶೆಡ್ಡು ಹಾಕಿ, ಪಾವರ್‌ಲೂಮಿನವರ ಹತ್ತಿ ನೂಲಿಗೆ ಬಣ್ಣ ಹಾಕುವ ಕೆಲಸ ಹಿಡಿದ. ಬಣ್ಣದ ನೀರನ್ನು ಗುಂಡಿಗೆ ಬಿಟ್ಟ. ಅದು ನೆಲಕ್ಕಿಳಿದು ಓಣಿಯ ಬಾವಿಗಳಿಗೆಲ್ಲ ಸೇರಿತು. ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಹುಳುಗಳನ್ನು ಅದೇ ಬಾವಿಗೆ ಮರಳಿ ಬಿಡುವುದು ಅವರ ರೂಢಿ. ಎರಡು ವರ್ಷದಿಂದ ಬಿಡಲು ಒಂದು ಜೀವವೂ ಸಿಕ್ಕಿರಲಿಲ್ಲ. ಓಣಿಯವರೆಲ್ಲ ತುಟಿ ಪಿಟಕ್ಕೆನ್ನದೆ ನಳದ ನೀರಿಗೆ ಹೋಗಿದ್ದರು.

“ನಾಕ್ ದಿನ ಶೆಡ್ಡ ಬಂದ್ ಮಾಡೇನಿ, ಮೋಟರ್ ಹಚ್ಚಿ ಹಳೇ ನೀರ ಹೊರಗ ಹಾಕೇನಿ. ತಂಬಿಗ್ಯಾಗ ನೋಡ, ತಿಳಿ ಐತಿ,” ಎಂದ ಶಾಂತಿನಾಥ.

“ಈ ಅರಬಿ ನೋಡ್ರಿ,” ಎಂದು ಜಿನಮತಿ ಸೋಸಿದ ಬಟ್ಟೆ ಚಾಚಿದಳು.

“ಅದನ್ನ ಮುಚ್ಚಿಡ. ಮಂದಿ ಮುಂದ ಮಾನ ಕಳೀಬ್ಯಾಡ.”

ಹತ್ತು ಗಂಟೆಗೆ ಗಂಡಹೆಂಡತಿ ಕಳಶ ಹಿಡಿದು ಬಾಗಿಲಲ್ಲಿ ನಿಂತರು. ಮುನಿಗಳು ಮೌನವಾಗಿ ಬಂದರು. ಈಗ ಮನೆಯೊಡತಿ ಹೇಳಬೇಕು: ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಹೇಳಿದರೆ ನಂಬಿ ಒಳಗೆ ಬರುತ್ತಾರೆ, ಕೊಟ್ಟದ್ದನ್ನು ಕುಡಿಯುತ್ತಾರೆ. ಹೇಳದಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ.

“ಮನ ಶುದ್ಧ,” ಎಂದಳು ಜಿನಮತಿ. ಅದೇ ಸುಳ್ಳಾಗಿತ್ತು. ಅಲ್ಲಿಗೇ ನಿಲ್ಲಿಸಿದಳು.

“ಹೇಳ ಲೇ,” ಗಂಡ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅವಳು ಬಾಯಿ ತೆರೆಯಲಿಲ್ಲ. ಮುನಿಗಳು ಕ್ಷಣ ಕಾದು ಮುಂದೆ ನಡೆದರು.

ಪಕ್ಕದ ಮನೆಯ ಪದ್ಮವ್ವ ಜೋರಾಗಿಯೇ ಶುರುಮಾಡಿದಳು. ‘ಜಲ’ ಎನ್ನುವಷ್ಟರಲ್ಲಿ ಜಿನಮತಿಯತ್ತ ಕಣ್ಣು ಹೋಯಿತು, ತಲೆ ತಗ್ಗಿಸಿದಳು. ಮೂರನೆಯ ಮನೆಯವರಿಗೆ ‘ನಮೋಸ್ತು’ ಎಂಬ ಸ್ವಾಗತದ ಮಾತೂ ಹೊರಡಲಿಲ್ಲ. ನಾಲ್ಕನೆಯವರು ಬಾಗಿಲು ಎಳೆದುಕೊಂಡರು. ಅಡುಗೆ ಘಮಘಮಿಸುತ್ತಿದ್ದ ಓಣಿಯಿಂದ ಆ ಹಿರಿಯ ಜೀವ ಹಸಿದೇ ಬಸದಿಗೆ ತಿರುಗಿತು. ತಾನೇ ಅವರ ತುತ್ತು ಕಸಿದೆನೆಂದು ಜಿನಮತಿಗೆ ಅನ್ನಿಸಿತು.

ಶಾಂತಿನಾಥ ಓಡಿಹೋಗಿ ಅವರ ದಾರಿಗೆ ಅಡ್ಡಬಿದ್ದ. “ತಪ್ಪಾತ್ರಿ ಸ್ವಾಮಿ! ಇವತ್ತ ಶೆಡ್ಡ ಕೀಳಸ್ತೀನಿ. ನಾಳೆ ನಮ್ಮನಿಗೇ ಬರ್ರಿ!”

ಮಾತಿಗೆ ತಪ್ಪಲಿಲ್ಲ ಅನ್ನಿ. ಸಂಜೆಯೊಳಗೆ ತಗಡು ಇಳಿಸಿದ, ಗುಂಡಿ ಮುಚ್ಚಿಸಿದ. ಮರುದಿನ ಹೊತ್ತು ಮೂಡುತ್ತಲೇ ತಾನೇ ಹಗ್ಗ ಹಿಡಿದು ಸೇದತೊಡಗಿದ. ಕೊಡದ ಮೇಲೆ ಕೊಡ ಸೇದಿದರೂ ಬಾವಿ ಅದೇ ನೀರು ಕೊಟ್ಟಿತು.

ಹತ್ತು ಗಂಟೆಗೆ ಮುನಿಗಳು ನೇರವಾಗಿ ಇವರ ಬಾಗಿಲಿಗೇ ಬಂದು ನಿಂತರು. ಜಿನಮತಿ ಗಂಡನ ಮುಖ ನೋಡಿದಳು.

“ಬ್ಯಾಡ್ರಿ ಸ್ವಾಮಿ,” ಎಂದು ಶಾಂತಿನಾಥ ಓಣಿಗೆಲ್ಲ ಕೇಳುವಂತೆ ಅತ್ತ. “ನಮ್ಮನಿ ನೀರ ಕುಡೀಬ್ಯಾಡ್ರಿ.”

ಮುನಿಗಳು ಪದ್ಮವ್ವನ ಮನೆಯತ್ತ ಹೊರಟರು. ಆ ಬಾವಿಗೂ ಅವನ ಶೆಡ್ಡಿನ ನೀರೇ ಇಳಿದಿತ್ತು.