ಹತ್ತನೇ ಆಲೆಮನೆಯ ಬೂದಿ

ಆಲೆಮನೆಯ ಮೇಸ್ತ್ರಿ ನಾಗರಾಜು ಹುಡುಗಿಯೊಬ್ಬಳ ಜಡೆ ಹಿಡಿದು ದರದರ ಎಳೆದುಕೊಂಡು ಬಂದ. ಒಲೆಯ ಬಾಯಿಗೆ ಟೈರಿನ ಚೂರು ತಳ್ಳುತ್ತಿದ್ದ ಮರಿಸಿದ್ದಯ್ಯ ಹೊಗೆಗೆ ನೀರಾಡಿದ ಕಣ್ಣು ಒರೆಸಿಕೊಂಡು ನೋಡಿದ. ಅವನ ಮಗಳು ಅಮೃತ.

"ಗೌಡ್ರೇ, ಬೂದಿಗುಂಡೀಲಿ ಕೂತಿದ್ಲು ಕಳ್ಳಿ! ಬಾಟ್ಲಿಗೆ ಬೂದಿ ತುಂಬ್ಕೊತಾವ್ಳೆ!"

ಆಲೆಮನೆಯ ಯಜಮಾನ ರಘುನಂದನ್ ಹಗ್ಗದ ಮಂಚದಿಂದ ಎದ್ದು ಬಂದ. ಅವಳ ಕೈಯಲ್ಲಿದ್ದ ಗಾಜಿನ ಬಾಟಲಿ ಕಿತ್ತು ಕಲ್ಲಿಗೆ ಅಪ್ಪಳಿಸಿದ. ಚೂರೊಂದು ಹಾರಿ ಅಮೃತಳ ಹುಬ್ಬು ಸೀಳಿತು.

"ಯಾರಮ್ಮೀ ನೀನು? ಯಾವ್ ಪೇಪರ್ನೋರು ಕಳ್ಸಿದ್ದು?"

"ಪೇಪರ್ನೋರಲ್ಲ ಸಾರ್. ಮೈಸೂರಲ್ಲಿ ಪರಿಸರ ಸಂಶೋಧನೆ ಸಂಸ್ಥೆ ಅದೆ. ಅಲ್ಲಿ ಇಂಟರ್ನ್‌ಶಿಪ್ ಮಾಡ್ತಿದೀನಿ. ಎಮ್ಮೆಸ್ಸಿ."

"ಅಂಗಂದ್ರೆ ಸಂಬ್ಳ ಇಲ್ದೆ ದುಡಿಯೋದು ಕಣ್ ಗೌಡ್ರೇ" ಎಂದ ನಾಗರಾಜು. "ಬೂದಿ ತುಂಬಾಕೆ ಎಮ್ಮೆಸ್ಸಿ ಬೇಕಾ? ನಮ್ ಮರಿಸಿದ್ದ ಏಳ್ನೇ ಕ್ಲಾಸ್ ಓದೇ ತುಂಬ್ತಾವ್ನೆ!"

ಗಾಣದ ಹತ್ತಿರ ನಿಂತಿದ್ದ ಇಬ್ಬರು ಆಳುಗಳು ನಕ್ಕರು. ಮರಿಸಿದ್ದಯ್ಯ ಎದ್ದು ನಿಂತ.

"ಅವ್ಳ್ ಜಡೆ ಬುಡು ನಾಗರಾಜು. ನನ್ ಮಗ್ಳು."

ನಗು ನಿಂತಿತು.

ಹಿಂದಿನ ದಿನವೇ ಅಮೃತ ಅಪ್ಪನನ್ನು ಕೇಳಿದ್ದಳು. ಮೂರು ತಿಂಗಳ ಕೆಲಸ ಸೋಮವಾರಕ್ಕೆ ಮುಗಿಯುತ್ತದೆ. ಹತ್ತು ಆಲೆಮನೆಗಳ ಬೂದಿ ತಂದು ಪರೀಕ್ಷೆಗೆ ಕೊಡಬೇಕು. ಮದ್ದೂರು, ಮಳವಳ್ಳಿ, ಕೆರಗೋಡು ಸುತ್ತಿ ಒಂಬತ್ತು ತಂದಿದ್ದಳು. ಒಂಬತ್ತರಲ್ಲೂ ಉರಿಯುವುದು ಒಣಗಿದ ಕಬ್ಬಿನ ಸಿಪ್ಪೆ. ಕಾನೂನು ಮೀರಿ ಟೈರು ಸುಡುವ ಒಂದಾದರೂ ಬೇಕು, ಅದಿಲ್ಲದಿದ್ದರೆ ವರದಿಗೆ ಬೆಲೆಯಿಲ್ಲ ಎಂದು ಸಂಸ್ಥೆಯ ಮೇಡಂ ಹೇಳಿದ್ದರು. ಇಂಟರ್ನ್‌ಶಿಪ್ಪಿಗೆ ಸೇರಿದ್ದ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. "ನೀನು ಉಗಿಯೋ ಕಫ ಯಾಕ್ ಕರ್ರಗದೆ ಅಂತ ಗೊತ್ತಾಗ್ಬೇಡ್ವಾ ಅಪ್ಪಾ? ಒಂದ್ ಹಿಡಿ ಬೂದಿ ತಂದ್ಕೊಡು" ಎಂದಿದ್ದಳು. ಮರಿಸಿದ್ದಯ್ಯ ಉಣ್ಣುತ್ತಿದ್ದ ತಟ್ಟೆಯನ್ನು ಗೋಡೆಗೆ ಎಸೆದಿದ್ದ. "ಇಪ್ಪತ್ತೊರ್ಸ ಉಂಡ ಮನೆ ಅದು. ನನ್ ಅನ್ನಕ್ಕೆ ಮಣ್ಣಾಕ್ಬ್ಯಾಡ!"

ಈಗ ಅವಳೇ ಬಂದಿದ್ದಾಳೆ.

ರಘುನಂದನ್ ಗಲ್ಲ ಕೆರೆದುಕೊಂಡ. ಮರಿಸಿದ್ದಯ್ಯನಿಗಿಂತ ಹದಿನೈದು ವರ್ಷ ಚಿಕ್ಕವನು. "ಲೇ ಮರಿಸಿದ್ದ, ನಿನ್ ಮಗ್ಳು ಅಂತ ಸುಮ್ನಿವ್ನಿ. ಬುದ್ಧಿ ನೀನ್ ಏಳ್ತೀಯೋ, ನಾಗರಾಜು ಏಳ್ಲೋ?"

ನಾಗರಾಜು ಆಗಲೇ ಸೊಂಟದ ಬೆಲ್ಟು ಬಿಚ್ಚುತ್ತಿದ್ದ.

ಮರಿಸಿದ್ದಯ್ಯ ಮಗಳ ಕೆನ್ನೆಗೆ ಬಾರಿಸಿದ. ನಾಗರಾಜುವಿನ ಬೆಲ್ಟಿನಿಂದ ಉಳಿಸಲು ಹೊಡೆದ ಏಟು ಅದೊಂದೇ. ಎರಡನೆಯದು, ಮೂರನೆಯದು ಸಿಟ್ಟಿನವೇ. ಹೇಳಿದ ಮಾತು ಕೇಳಲಿಲ್ಲ, ಇವರೆಲ್ಲರ ಮುಂದೆ ಮಾನ ಕಳೆದಳು ಎನ್ನುವ ಸಿಟ್ಟು. ಮೂರನೇ ಏಟಿಗೆ ಅಮೃತ ಮಣ್ಣಿಗೆ ಬಿದ್ದಳು. ಅಳಲಿಲ್ಲ. ತುಟಿಯ ರಕ್ತ ಒರೆಸಿಕೊಂಡು, ಒಡೆದ ಬಾಟಲಿಯ ಕಡೆ ನೋಡಿದಳು. ಅವಳಿಗೆ ನೋವಾದದ್ದು ಅದಕ್ಕೆ ಎಂದು ಮರಿಸಿದ್ದಯ್ಯನಿಗೆ ತಿಳಿಯಿತು.

"ಸಾಕ್ ಬುಡು" ಎಂದ ರಘುನಂದನ್. "ಒಂದುಂಡೆ ಬೆಲ್ಲ ಕೊಟ್ ಕಳ್ಸು. ಆಲೆಮನೆಗೆ ಬಂದೋರ್ನ ಬರಿಗೈಲಿ ಕಳ್ಸುದ್ರು ಅಂತ ನಮ್ಮಪ್ಪನ ಎಸ್ರು ಕೆಡೋದು ಬ್ಯಾಡ."

ಹೊಡೆಸಿದ ಬಾಯಲ್ಲೇ ಬೆಲ್ಲದ ಮಾತು. ಅದು ಆ ಮನೆಯ ರೂಢಿ. ಹಗೆಯವನು ಬಂದರೂ ಬೆಲ್ಲ ಕೊಡದೆ ಕಳಿಸಿದ್ದಿಲ್ಲ.

ಮರಿಸಿದ್ದಯ್ಯ ತನ್ನ ಊಟದ ಸ್ಟೀಲ್ ಕ್ಯಾರಿಯರ್ ತೆಗೆದುಕೊಂಡ. ಎರಡು ಡಬ್ಬಿಯದು. ಬೆಳಗ್ಗೆ ಮಗಳೇ ಬೆಳಗಿ ತುಂಬಿಕೊಟ್ಟದ್ದು, ಉಂಡು ತೊಳೆದಿಟ್ಟಿದ್ದ. ಒಲೆಯ ಮರೆಗೆ ಹೋಗಿ ಗೋರೆಯಿಂದ ಟೈರಿನ ಬೂದಿ ಎಳೆದು, ತಂತಿಯ ತುಂಡುಗಳ ಸಮೇತ ಕೆಳಗಿನ ಡಬ್ಬಿಗೆ ತುರುಕಿದ. ಎರಡು ಬೆರಳು ಸುಟ್ಟವು. ಅಲ್ಲಿಂದ ಏಳುವ ಮುಂಚೆ ಒಲೆಗೆ ಇನ್ನೂ ಎರಡು ಟೈರಿನ ಚೂರು ನೂಕಿದ. ಆಮೇಲೆ ಹಲಗೆಯ ಮೇಲಿದ್ದ ಬೆಲ್ಲದುಂಡೆಯನ್ನು ಮೇಲಿನ ಡಬ್ಬಿಗೆ ಹಾಕಿ ತಂದು ಮಗಳ ಕೈಗಿಟ್ಟ.

"ಕೆಳ್ಗಿನ್ ಡಬ್ಬಿ ದಾರೀಲಿ ತಗೀಬ್ಯಾಡ" ಎಂದ, ಅವಳಿಗಷ್ಟೇ ಕೇಳುವಂತೆ. "ಮೂರ್ಗಂಟೆ ಬಸ್ಸು. ಓಗು."

ಅಮೃತ ಅಪ್ಪನ ಸುಟ್ಟ ಬೆರಳು ನೋಡಿದಳು. ತಿರುಗಿ ನಡೆದಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಕ್ಯಾರಿಯರಿನ ಸಂದಿಯಿಂದ ಕಪ್ಪು ಹೊಗೆಯ ಎಳೆ ಎದ್ದಿತು.

"ಗೌಡ್ರೇ!" ನಾಗರಾಜು ಕೂಗಿದ. "ಬೆಲ್ಲ ಒಗೆ ಆಡ್ತದೆ!"

ಅವನು ಓಡುವಷ್ಟರಲ್ಲಿ ಮರಿಸಿದ್ದಯ್ಯ ಕಬ್ಬಿಣದ ಗೋರೆ ಬೀಸಿದ. ಅದು ನಾಗರಾಜುವಿನ ಮೊಣಕಾಲಿಗೆ ಬಿತ್ತು. ಮೂಳೆ ಲಟಕ್ಕೆಂದಿತು. "ಓಡು ಮಗಾ!" ಎಂದು ಮಗಳಿಗೆ ಕೂಗಿದ. ಗಾಣದ ಆಳುಗಳಿಬ್ಬರೂ ನುಗ್ಗಿದರು. ಮರಿಸಿದ್ದಯ್ಯ ಒಬ್ಬನ ಹೊಟ್ಟೆಗೆ ಗೋರೆಯ ಹಿಡಿ ತಿವಿದ. ಇನ್ನೊಬ್ಬ ಕಬ್ಬಿನ ಜಲ್ಲೆಯಿಂದ ಅವನ ಕುತ್ತಿಗೆಗೆ ಬಾರಿಸಿದ. ಮರಿಸಿದ್ದಯ್ಯ ಬಿದ್ದರೂ ಅವನ ಕಾಲನ್ನು ತಬ್ಬಿ ಹಿಡಿದ, ಮೀನಖಂಡಕ್ಕೆ ಹಲ್ಲು ಊರಿದ. ರಘುನಂದನ್ ಬಂದು ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಒಂದು, ಎರಡು, ಆರು. ಬಾಯೊಳಗೆ ಹಲ್ಲೊಂದು ಕಿತ್ತು ಬಂದು ನಾಲಿಗೆಯ ಮೇಲೆ ಉರುಳಿತು. ರಸ್ತೆಯ ಕಡೆ ಬಸ್ಸಿನ ಹಾರನ್ ಕೇಳಿತು, ಬಾಗಿಲು ಬಡಿದುಕೊಂಡಿತು, ಗೇರು ಬಿತ್ತು. ಮದ್ದೂರಿನ ಕಡೆ ಹೋಯಿತು.

ಅವರು ಹೊಡೆಯುತ್ತಲೇ ಇದ್ದರು.

ಒಲೆಯ ಮೇಲಿನ ಕೊಪ್ಪರಿಗೆಯಲ್ಲಿ ಕಬ್ಬಿನ ಪಾಕ ಹದಕ್ಕೆ ಬಂದಾಗ ಒಲೆಯ ಉರಿಯನ್ನು ಹೊರಗೆ ಎಳೆಯಬೇಕು. ಸ್ವಲ್ಪ ತಡವಾದರೂ ಅಷ್ಟೂ ಬೆಲ್ಲ ಸೀದು ಹೋಗುತ್ತದೆ. ಹದವನ್ನು ಮೂಗಿನಲ್ಲೇ ಹಿಡಿಯುವವನು ಆ ಆಲೆಮನೆಯಲ್ಲಿ ಮರಿಸಿದ್ದಯ್ಯ ಒಬ್ಬನೇ. ರಕ್ತ ಕಟ್ಟಿದ ಮೂಗಿಗೂ ಆ ವಾಸನೆ ಬಂತು. ಹದ ಬಂತು. ಹದ ಮೀರಿತು. ಅವನು ಬಾಯಿ ಬಿಡಲಿಲ್ಲ. ಇನ್ನೆರಡು ಒದೆ ತಿಂದ.

ಕೊನೆಗೆ ರಘುನಂದನ್ ತಲೆ ಎತ್ತಿ ಮೂಸಿದ. "ಅಯ್ಯೋ, ಕೊಪ್ಪರಿಗೆ!" ಎಂದು ಓಡಿದ. ಆಳುಗಳೂ ಓಡಿದರು. ಇಳಿಸುವಷ್ಟರಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಟಾರಿನ ಹಾಗೆ ಕರ್ರಗಾಗಿ ಗುಳುಗುಳು ಅನ್ನುತ್ತಿತ್ತು.

ರಘುನಂದನ್ ವಾಪಸ್ ಬಂದು ಮರಿಸಿದ್ದಯ್ಯನ ಕೊರಳಪಟ್ಟಿ ಹಿಡಿದೆತ್ತಿದ. "ಗೊತ್ತಿತ್ತಲ್ವೇನಲಾ ನಿಂಗೆ? ಬಾಯ್ ಬಿದ್ದೋಗಿತ್ತಾ? ಏಳ್ಬಾರ್ದಿತ್ತಾ?"

ಮರಿಸಿದ್ದಯ್ಯ ಹಲ್ಲನ್ನು ಅವನ ಬೂಟಿನ ಮೇಲೆ ಉಗಿದ.

"ಒಡೀತಾ ಇದ್ರಲ್ಲಾ ಗೌಡ್ರೇ. ಮಧ್ಯ ಬಾಯಾಕ್ಬಾರ್ದು ಅಂತ ಸುಮ್ನಿದ್ದೆ."