ಗಾಜಿನೊಳಗಿನ ತಾಮ್ರದ ಕೊಳವೆ

ವಯಸ್ಸಾದವರ ಊಟದ ಕ್ಲಬ್ಬಿನ ಮಿನಿಬಸ್ಸಿನಿಂದ ಕೊನೆಗೆ ಇಳಿದವನು ತನ್ನ ಅಪ್ಪ ಎಂಬುದು ಶೋನಾಗೆ ಗೊತ್ತಾದದ್ದು ಟೈಯಿಂದ. ಯಾರದಾದರೂ ಮಣ್ಣಿಗೆ ಹೋಗುವಾಗ ಮಾತ್ರ ಕಟ್ಟುತ್ತಿದ್ದ ಕಪ್ಪು ಟೈ ಅದು.

ಕ್ರೇಗ್‌ವಾನ್ ವಿಸ್ಕಿ ಭಟ್ಟಿಯ ಗೇಟಿನೊಳಗೆ ಲಾಕಿ ಗೆಡ್ಡಿಸ್ ಕಾಲಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಭಟ್ಟಿಯ ಮುಂದಿನ ರಸ್ತೆ ಹತ್ತಿರವಾದರೂ ಅವನು ಹೊಳೆಯಾಚೆಯ ಕಾಲುದಾರಿಯಲ್ಲೇ ಸುತ್ತಿ ಹೋಗುತ್ತಿದ್ದ. ಮಗಳು ಆಬರ್ಡೀನಿನಲ್ಲಿ ಇತಿಹಾಸ ಓದಿ, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಇದೇ ಭಟ್ಟಿಯಲ್ಲಿ ನೋಡಲು ಬಂದವರನ್ನು ಸುತ್ತಾಡಿಸುವ ಕೆಲಸ ಹಿಡಿದಾಗ ಅವನು ಹೇಳಿದ್ದು ಒಂದೇ ಮಾತು. "ಗೋದಾಮಿನ ನೆಲ ಮಣ್ಣು ಕಣೆ, ಥಂಡಿ ಏರತ್ತೆ. ದಪ್ಪ ಕಾಲ್ಚೀಲ ಹಾಕ್ಕೊ." ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಎತ್ತದೆ ಇರುವುದು ಆ ಮನೆಯಲ್ಲಿ ಮೊದಲಿನಿಂದ ಬಂದ ರೂಢಿ.

"ಬರ್ತೀನಿ ಅಂತ ಹೇಳ್ಲೇ ಇಲ್ಲ?" ಶೋನಾ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಹೇಳಿದ್ರೆ ಬೇಡ ಅಂತಿದ್ದೆ. ನೀನು ಚೆನ್ನಾಗಿ ಮಾತಾಡ್ತೀಯ ಅಂತ ಇನಾ ಹೇಳ್ತಿರ್ತಾಳೆ. ಒಂದ್ಸಲ ಕೇಳಿಬಿಡೋಣ ಅಂತ ಬಂದೆ." ಅವನು ಟೋಪಿ ತೆಗೆದು ಸುತ್ತ ನೋಡಿದ. "ನನ್ನ ಪರಿಚಯ ಇದೆ ಅಂತ ತೋರಿಸ್ಕೋಬೇಡ. ಎಲ್ರ ಹಾಗೆ ನಾನೂ ಒಬ್ಬ."

ಅವಳಿಗೆ ನಿರಾಳವಾಯಿತು. ಮರುಕ್ಷಣ ಆ ನಿರಾಳಕ್ಕೇ ಮುಖ ಬಿಸಿಯಾಯಿತು.

ಅವಳ ಭಯ ಗೋದಾಮಿನ ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರೊಳಗೆ ಗೇಣುದ್ದದ ತಾಮ್ರದ ಕೊಳವೆ. ಒಂದು ತುದಿಗೆ ಹಳೇ ನಾಣ್ಯ ಬೆಸೆದು ಮುಚ್ಚಿದೆ, ಇನ್ನೊಂದಕ್ಕೆ ಬಿರಡೆ, ಮೇಲೆ ಒಂದು ದಾರ. ಪೀಪಾಯಿಯೊಳಗೆ ಇಳಿಬಿಟ್ಟು ತುಂಬಿಕೊಂಡು, ಪ್ಯಾಂಟಿನ ಒಳಗೆ ತೊಡೆಗೆ ತಾಗುವಂತೆ ನೇತುಹಾಕಿಕೊಂಡು ಕೆಲಸಗಾರರು ವಿಸ್ಕಿ ಕದ್ದೊಯ್ಯುತ್ತಿದ್ದದ್ದು ಇದರಲ್ಲೇ. ಮಾತಿಲ್ಲದೆ ಯಜಮಾನನ ಜೊತೆ ಮನೆಗೆ ಬರುತ್ತದೆಂದು ಅದಕ್ಕೆ ನಾಯಿ ಎಂದು ಹೆಸರು. ಗೋದಾಮಿನಲ್ಲಿ ಅದನ್ನು ಇಟ್ಟುಕೊಳ್ಳದವರು ಕಡಿಮೆ. ಸಿಕ್ಕಿಬಿದ್ದವನು ಮಾತ್ರ ಒಬ್ಬನೇ.

ಆ ಒಬ್ಬನ ಕಥೆಯನ್ನು, ಪ್ರವಾಸಿಗಳ ವಿಭಾಗ ನೋಡಿಕೊಳ್ಳಲು ಎಡಿನ್‌ಬರೋದಿಂದ ಬಂದ ಜೂಲಿಯನ್ ಯಾವುದೋ ಬಾರಿನಲ್ಲಿ ಕೇಳಿ, ಡೂಗಿ ಎಂಬ ಹೆಸರು ಕೊಟ್ಟು, ಮಾರ್ಗದರ್ಶಕರು ಹೇಳಬೇಕಾದ ಮಾತುಗಳ ಜೊತೆ ಸೇರಿಸಿದ್ದ. ಕ್ರಿಸ್ಮಸ್ ಕೂಟದಲ್ಲಿ ಮ್ಯಾನೇಜರು ಡೂಗಿಯ ಸೆಟೆದ ಕಾಲನ್ನು ಗಮನಿಸಿ ಮೇಜಿನ ಮೇಲೆ ಕುಣಿಯಲು ಹೇಳುತ್ತಾನೆ. ಕುಣಿತಕ್ಕೆ ಬಿರಡೆ ಕಿತ್ತು ವಿಸ್ಕಿಯೆಲ್ಲ ಬೂಟಿಗಿಳಿಯುತ್ತದೆ. "ಹನ್ನೆರಡು ವರ್ಷ ಪೀಪಾಯಿಯಲ್ಲಿ, ಹನ್ನೆರಡು ನಿಮಿಷ ಡೂಗಿಯ ಬೂಟಿನಲ್ಲಿ ಮಾಗಿದ ವಿಸ್ಕಿ!" ಎಂದು ಮುಗಿಸಬೇಕು.

ಮೊದಲ ದಿನ ಅದನ್ನು ಓದಿ ಶೋನಾ "ಚೆನ್ನಾಗಿದೆ" ಎಂದಿದ್ದಳು. ಅವತ್ತೇ ಜೂಲಿಯನ್‌ಗೆ ಹೇಳಿಬಿಡಬಹುದಿತ್ತು: ಡೂಗಿ ಅಂತ ಯಾರೂ ಇರಲಿಲ್ಲ. ಕೂಟದ ಮರುದಿನ ಕೆಲಸ ಕಳೆದುಕೊಂಡವನು ನನ್ನ ಅಪ್ಪ. ಭಟ್ಟಿಯವರು ಕೊಟ್ಟ ಮನೆಯೂ ಕೆಲಸದ ಜೊತೆಗೇ ಹೋಗಿ, ಆ ಚಳಿಗಾಲವನ್ನು ನಾವು ಸೋದರಮಾವನ ಹೊಲದ ಮೂಲೆಯಲ್ಲಿ, ಗಾಲಿಗಳ ಮೇಲಿನ ಪುಟ್ಟ ಮನೆಯೊಂದರಲ್ಲಿ ಕಳೆದೆವು. ಶಾಲೆಯಲ್ಲಿ ಹುಡುಗರು ನನ್ನ ಹಿಂದೆ ಬೊಗಳುತ್ತಿದ್ದರು. ಹೇಳಲಿಲ್ಲ. ಎರಡನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ, ಎಲ್ಲಿ ಉಸಿರು ಹಿಡಿದು ನಿಂತರೆ ನಗು ಹೆಚ್ಚು ಬರುತ್ತದೆ ಎಂಬುದನ್ನೂ ಕಲಿತಿದ್ದಳು. ಕಥೆ ಜೂಲಿಯನ್‌ದು. ಆ ನಿಲುಗಡೆ ಅವಳದು.

ಇವತ್ತು ಆ ಪೆಟ್ಟಿಗೆಯನ್ನು ತೋರಿಸದೆ ದಾಟಿಬಿಡುವುದೆಂದು ನಿರ್ಧರಿಸಿದಳು. ಮೊಳಕೆ ಬಾರ್ಲಿಯ ಕಣಜ, ನೊರೆಯುಕ್ಕುವ ಮರದ ಬಾನಿಗಳು, ಹಂಸದ ಕೊರಳಿನ ತಾಮ್ರದ ಹಂಡೆಗಳು ಎಲ್ಲವನ್ನೂ ತೋರಿಸಿದಳು. ಹಿಂದೆ ಅಪ್ಪ ಕೈಕಟ್ಟಿಕೊಂಡು, ಶಾಲೆಗೆ ಬಂದ ಪೋಷಕನ ಹಾಗೆ ಪ್ರತಿ ಮಾತಿಗೂ ತಲೆದೂಗುತ್ತಿದ್ದ. ಗೋದಾಮಿನಲ್ಲಿ ಪೀಪಾಯಿಗಳ ನಡುವೆ ಎರಡು ಮಾತಾಡಿ, "ಬನ್ನಿ, ಇನ್ನು ರುಚಿ ನೋಡೋಣ" ಎಂದು ಬಾಗಿಲ ಕಡೆ ತಿರುಗಿದಳು.

ಬಾಗಿಲಲ್ಲಿ ಜೂಲಿಯನ್ ನಿಂತಿದ್ದ. "ಶೋನಾ, ನಾಯಿಯನ್ನ ಮರೆತೇಬಿಟ್ರಲ್ಲ!"

"ನಾಯಿನೂ ಬೇಡ, ಬೆಕ್ಕೂ ಬೇಡ ಮಾರಾಯ," ಎಂದಳು ಇನಾ. ಗೆಡ್ಡಿಸ್ ಮನೆಯ ನೆರೆಯವಳು, ಎಲ್ಲ ಬಲ್ಲವಳು. "ನನ್ನ ಮಂಡಿ ಬಿದ್ದೋಗ್ತಿದೆ. ಕುಡಿಯೋಕೆ ಏನಾದ್ರೂ ಕೊಡು ಮೊದ್ಲು."

"ಎರಡೇ ನಿಮಿಷ ಅಜ್ಜಿ. ಇಲ್ಲಿ ಎಲ್ಲಕ್ಕಿಂತ ಒಳ್ಳೇ ಕಥೆ ಅದು."

"ಅಜ್ಜಿ ಅಂತೆ! ಯಾರೋ ನಿನಗೆ ಅಜ್ಜಿ?"

ಎಲ್ಲರೂ ನಕ್ಕರು. ಕೆಳಗಿನ ಹಳ್ಳಿಗಳಿಂದ ಬಂದವರು "ಹೇಳಮ್ಮ, ಹೇಳು" ಎಂದು ಪೆಟ್ಟಿಗೆಯ ಸುತ್ತ ಸೇರಿದರು. ಊರಿನವರು ಮೂರ್ನಾಲ್ಕು ಮಂದಿ ನೆಲ ನೋಡುತ್ತ ನಿಂತರು.

ಗಂಟಲು ಕೆಟ್ಟಿದೆ ಎನ್ನಬಹುದಿತ್ತು. ಹೊತ್ತಾಯಿತು ಎನ್ನಬಹುದಿತ್ತು. ಅದರ ಬದಲು, ದಿನವೂ ಬರುವ ದನಿಯೇ ಬಾಯಿಂದ ಬಂತು. "ಇಲ್ಲಿ ಡೂಗಿ ಅಂತ ಒಬ್ಬನಿದ್ದ. ಅವನ ಕಾಲು ಬೆಳಿಗ್ಗೆ ಕೆಲಸಕ್ಕೆ ಬರುವಾಗ ಸರಿಯಾಗೇ ಇರ್ತಿತ್ತು. ಸಂಜೆ ಮನೆಗೆ ಹೋಗುವಾಗ ಮಾತ್ರ…" ಅಲ್ಲಿ ಉಸಿರು ಹಿಡಿದಳು. ನಗು ಬಂತು. ನಗುವವರ ಭುಜಗಳ ನಡುವೆ ಕಪ್ಪು ಟೈ ಕಂಡಿತು. ಮುಂದಿನ ಮಾತು ನಾಲಿಗೆಗೆ ಬರಲಿಲ್ಲ.

"ಎಡಗಾಲು," ಎಂದ ಲಾಕಿ ಹಿಂದಿನಿಂದ.

ಎಲ್ಲರೂ ತಿರುಗಿದರು. ಅವನು ಟೋಪಿ ಹಿಡಿದುಕೊಂಡೇ ಮುಂದೆ ಬಂದ. "ಆ ಮನುಷ್ಯ ನಂಗೆ ಗೊತ್ತಿತ್ತು. ಹೆಸರು ಡೂಗಿ ಅಲ್ಲ. ಇರ್ಲಿ, ಡೂಗಿ ಅಂತಾನೇ ಅನ್ನೋಣ, ಮಕ್ಕಳೊಂದಿಗ ಪಾಪ. ಹೀಗೆ ನಡೀತಿದ್ದ ನೋಡಿ." ಎಡಗಾಲನ್ನು ಕೋಲಿನ ಹಾಗೆ ಸೆಟೆಸಿ ನಾಲ್ಕು ಹೆಜ್ಜೆ ಹಾಕಿ ತೋರಿಸಿದ. ಜೂಲಿಯನ್ ಬಾಗಿಲಿಗೊರಗಿ ಗಟ್ಟಿಯಾಗಿ ನಕ್ಕ.

"ಮ್ಯಾನೇಜರು ಅಂದ್ರು, ಏನಯ್ಯಾ, ಮೇಜು ಹತ್ತಿ ಕುಣಿ. ಸಾರ್, ವಾತ ಸಾರ್, ಅಂದ ಇವನು. ವಾತಕ್ಕೆ ಕುಣಿತಾನೇ ಮದ್ದು ಕಣೋ, ಏಯ್, ಬಾರ್ಸಿ ಪಿಟೀಲು! ಅಂದ್ರು." ಲಾಕಿಯ ಬೂಟುಗಳು ಮಣ್ಣಿನ ನೆಲದ ಮೇಲೆ ತಕತಕ ಎಂದವು. "ಏನ್ಮಾಡ್ತಾನೆ? ಕುಣಿದ. ಟಪ್ ಅಂತ ಬಿರಡೆ ಹೋಯ್ತು. ಬೂಟಿಂದ ಪಚಕ್ ಪಚಕ್ ಅಂತ ಸದ್ದು. ಇಡೀ ಕೋಣೆ ಘಮಘಮ!"

ಒಬ್ಬ ಮುದುಕ ಕಣ್ಣೊರೆಸಿಕೊಂಡ. ಲಾಕಿಯೂ ನಗುತ್ತಿದ್ದ. ನಗುತ್ತಲೇ ಮುಂದುವರಿಸಿದ.

"ಮಕ್ಕಳಿಗೆಲ್ಲ ಕಿತ್ತಳೆ ಹಣ್ಣು ಹಂಚಿದ್ರು ಅವತ್ತು. ಡೂಗಿ ಮಗಳು ಮುಂದೇನೇ ಕೂತಿದ್ಲು, ಇಷ್ಟೇ ಇದ್ಲು. ಅಪ್ಪ ತನಗೋಸ್ಕರ ಕುಣೀತಿದಾನೆ ಅನ್ಕೊಂಡ್ಲು ಕೂಸು. ಹಣ್ಣು ಮಡಿಲಲ್ಲಿಟ್ಟು ಚಪ್ಪಾಳೆ ಹೊಡೆದ್ಲು, ಎಲ್ರಿಗಿಂತ ಜೋರಾಗಿ ನಕ್ಲು. ಅದಕ್ಕೇ ಅವನು ನಿಲ್ಲಿಸ್ಲಿಲ್ಲ. ಎಲ್ಲ ಸೋರಿಹೋದ ಮೇಲೂ, ಮ್ಯಾನೇಜರು ಸಾಕು ಇಳಿ ಅಂದ್ರೂ, ಸ್ವಲ್ಪ ಹೊತ್ತು ಕುಣಿದ."

ಕಿತ್ತಳೆಯ ನೆನಪು ಶೋನಾಗಿತ್ತು. ಸಿಪ್ಪೆಯ ವಾಸನೆ ಕೂಡ. ಚಪ್ಪಾಳೆಯ ನೆನಪು ಇರಲಿಲ್ಲ. ಈಗ ಎರಡೂ ಅಂಗೈಯಲ್ಲಿ ಅದು ಉರಿಯತೊಡಗಿತು.

ಇನಾ ಗಾಜಿನ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತಳು. ಲಾಕಿ ಟೋಪಿ ಹಾಕಿಕೊಂಡು, ಅಪರಿಚಿತಳನ್ನು ಕೇಳುವಂತೆ ಮಗಳನ್ನು ಕೇಳಿದ, "ಸರಿಯಾಗಿ ಹೇಳಿದ್ನೇನ್ರಮ್ಮಾ?"

"ಚೆನ್ನಾಗಿ ಹೇಳಿದ್ರಿ ಸಾರ್," ಎಂದಳು ಶೋನಾ.

ಹೇಳಿದ ಮೇಲೆ ಆ ಸಾರ್ ಎಂಬ ಮಾತು ಅವಳಿಗೇ ಕೇಳಿಸಿತು.

ರುಚಿ ನೋಡುವ ಕೋಣೆಯಲ್ಲಿ ಅವನು ಲೋಟ ಮುಟ್ಟಲಿಲ್ಲ. ಎಲ್ಲರೂ ಎದ್ದ ಮೇಲೆ ಮೇಜಿನ ಬಳಿ ಬಂದ. "ಗಾಡಿ ಓಡಿಸೋರು ಇಲ್ಲಿ ಕುಡಿಯೋ ಹಾಗಿಲ್ಲ ಅಂತ ಅವರಿಗೆ ಮನೆಗೆ ಒಂದು ಪುಟ್ಟ ಸೀಸೆ ಕೊಡ್ತೀರಂತಲ್ಲ. ನಾನು ಓಡಿಸ್ಕೊಂಡು ಬಂದಿಲ್ಲ. ಆದ್ರೂ ಕೊಡ್ತೀರಾ?" ಅವಳು ಕೊಟ್ಟಳು. ಹೆಬ್ಬೆರಳಿನಷ್ಟೇ ದೊಡ್ಡ ಸೀಸೆ, ಅದಕ್ಕೊಂದು ಚೀಟಿ. ಅವನ ಕೈ ತಾಗಿದಾಗ ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಜೂಲಿಯನ್ ಕೈ ಉಜ್ಜಿಕೊಳ್ಳುತ್ತ ಬಂದ. "ಯಾರ್ರೀ ಆ ಮುದುಕ? ಅದ್ಭುತ! ಕೊನೇಲಿ ಆ ಮಗಳ ವಿಷಯ ಸ್ವಲ್ಪ ಭಾರ ಆಯ್ತು, ಅದನ್ನ ಕತ್ತರಿಸಬಹುದು. ಶನಿವಾರ ಶನಿವಾರ ಬರ್ತಾರಾ ಕೇಳ್ತೀರಾ?"

"ಅವರು ನಮ್ಮಪ್ಪ."

"ಹೌದಾ! ಹಾಗಾದ್ರೆ ಇನ್ನೂ ಸುಲಭ…"

"ಆ ಡೂಗಿ ಅಂದ್ರೆ ಅವರೇ," ಎಂದಳು ಶೋನಾ.

ಜೂಲಿಯನ್ ನಕ್ಕ. ಆಮೇಲೆ ಆ ನಗುವನ್ನು ಏನು ಮಾಡಬೇಕೆಂದು ತಿಳಿಯದವನಂತೆ ಅವಳ ಮುಖವನ್ನೇ ನೋಡಿದ. "ಮೊದಲೇ ಹೇಳಬಹುದಿತ್ತಲ್ಲ, ಶೋನಾ. ನಂಗೆ ಹೇಗೆ ಗೊತ್ತಾಗಬೇಕು?"

"ಹೌದು," ಎಂದಳು. "ನಾನೇ ಹೇಳಬೇಕಿತ್ತು."

ಹೊರಗೆ ಬಂದಾಗ ಮುದುಕರ ಸಾಲು ಗೇಟಿನಾಚೆ ನಿಂತ ಬಸ್ಸಿನ ಕಡೆ ನಡೆಯುತ್ತಿತ್ತು. ಎಲ್ಲರಿಗಿಂತ ಹಿಂದೆ ಅಪ್ಪ. ಬಲಗೈ ಮುಂದೆ ಚಾಚಿದ್ದ. ಬಿಚ್ಚಿದ ಅಂಗೈಯ ಮೇಲೆ ಆ ಪುಟ್ಟ ಸೀಸೆ. ಹಿಂದೆ ಕೆಲಸಗಾರರ ಜೇಬು ತಡಕುತ್ತಿದ್ದ ಕಾವಲು ಗೂಡು ಈಗ ಖಾಲಿ. ಅದರ ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದರು. ಅವನು ಅಲ್ಲಿ ನಿಂತ. ಅಂಗೈಯನ್ನು ಕಿಟಕಿಯ ಮಟ್ಟಕ್ಕೆ ಎತ್ತಿ, ಒಳಗೆ ಯಾರೋ ಇದ್ದಾರೆಂಬಂತೆ ಕಾದು, ಮತ್ತೆ ಹೆಜ್ಜೆ ಹಾಕಿದ.

"ಅಪ್ಪಾ!"

ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಮುಂದಿನ ಗುಂಪಿನವರು ಆಗಲೇ ಟಿಕೆಟ್ ಹಿಡಿದು ನಿಂತಿದ್ದರು, ಅವರೂ ನೋಡಿದರು. ಶೋನಾ ಅಂಗಳದ ಕಲ್ಲುಗಳ ಮೇಲೆ ಓಡಿ ಹೋಗಿ ಅವನೆದುರು ನಿಂತಳು. ಹೇಳಬೇಕೆಂದಿದ್ದ ಮಾತು ಬೇರೆ, ಬಾಯಿಗೆ ಬಂದದ್ದು ಬೇರೆ.

"ಜೇಬಲ್ಲಿ ಹಾಕ್ಕೊ ಅಪ್ಪ. ಬಿದ್ದೋಗತ್ತೆ."

"ಬೇಡ ಬಿಡು," ಎಂದ ಲಾಕಿ. "ಕಾಣೋ ಹಾಗೇ ಇರ್ಲಿ."